ಲ್ಯಾಟಿನಾ ಮಹಿಳೆಯರು, ಮೊಬೈಲು ಮತ್ತು ದಿನದ ನಡಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವ ಲ್ಯಾಟಿನ್ ಅಮೆರಿಕ ಮೂಲದ ಹೆಂಗಸರು ದಿನಕ್ಕೆ ಸ್ವಲ್ಪ ಹೊತ್ತಾದರೂ ನಡೆಯಲಿ, ಕುಣಿಯಲಿ, ಮೈ ಬೆವರಿಸಲಿ ಅಂತ ಮೊಬೈಲು, ವೆಬ್‌ಸೈಟು, ಹೆಜ್ಜೆ ಎಣಿಸುವ ಸಾಧನಗಳನ್ನು ಬಳಸುವ ಪ್ರಯತ್ನ ಹಲವು ವರ್ಷಗಳಿಂದ ನಡೆದಿದೆ. ಕೆಲವು ಚೆನ್ನಾಗಿ ಫಲ ಕೊಟ್ಟಿವೆ. ಯಾಕೆ ಫಲ ಕೊಟ್ಟವು ಅನ್ನೋದು ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಆರೋಗ್ಯ ಕಾರ್ಯಕರ್ತರು, ಆ್ಯಪ್ ಮಾಡುವವರು, ಹೊರದೇಶದಲ್ಲಿರುವ ನಮ್ಮವರು ಕೇಳುವಂಥ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಲ್ಯಾಟಿನಾ ಅಂದರೆ ಯಾರು? ಅವರ ಬಗ್ಗೆ ಪ್ರತ್ಯೇಕವಾಗಿ ಯಾಕೆ ಮಾತಾಡಬೇಕು?

ಮೆಕ್ಸಿಕೊ, ಪೋರ್ಟೊ ರಿಕೊ, ಕ್ಯೂಬಾ, ಡೊಮಿನಿಕನ್ ಗಣರಾಜ್ಯ, ಎಲ್ ಸಾಲ್ವಡಾರ್, ಕೊಲಂಬಿಯಾ ಮುಂತಾದ ಕಡೆಯ ಮೂಲದ ಹೆಂಗಸರು. ಗಂಡಸರು ಹೆಂಗಸರು ಸೇರಿದ ಇಡೀ ಸಮುದಾಯವನ್ನು ಲ್ಯಾಟಿನೊ ಅನ್ನುತ್ತಾರೆ. 2020ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ ಈ ಸಮುದಾಯದ ಜನ ಒಟ್ಟು 6.2 ಕೋಟಿ. ಎಲ್ಲರೂ ಒಂದೇ ಥರ ಅಂದುಕೊಳ್ಳಬೇಡಿ. ಮಯಾಮಿಯ ಕ್ಯೂಬನ್ ಅಜ್ಜಿಗೂ ಸ್ಯಾನ್ ಡಿಯಾಗೊದ ಮೆಕ್ಸಿಕನ್ ತಾಯಿಗೂ ಊಟ, ಹಾಡು, ದುಡಿಮೆ ಎಲ್ಲ ಬೇರೆ ಬೇರೆ.

ಪ್ರತ್ಯೇಕವಾಗಿ ಮಾತಾಡಲು ಕಾರಣ ಇದೆ. ಕೆಲಸದ ಹೊತ್ತು ಬಿಟ್ಟು ಬೇರೆ ಯಾವ ವ್ಯಾಯಾಮವನ್ನೂ ಮಾಡದವರ ಲೆಕ್ಕವನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2017ರಿಂದ 2020ರವರೆಗಿನ ಸಮೀಕ್ಷೆಗಳಿಂದ ತೆಗೆದಿದೆ. ಲ್ಯಾಟಿನೊ ಸಮುದಾಯದ ವಯಸ್ಕರಲ್ಲಿ ಇಂಥವರು ಸುಮಾರು 32%, ಬಿಳಿಯರಲ್ಲಿ ಸುಮಾರು 23%. ಜೀವಮಾನದಲ್ಲಿ ಟೈಪ್ 2 ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಅಮೆರಿಕದ ವಯಸ್ಕರಿಗೆ ಒಟ್ಟಾರೆ 40% ಇದ್ದರೆ, ಈ ಸಮುದಾಯಕ್ಕೆ 50%ಗಿಂತ ಜಾಸ್ತಿ ಅಂತ ಅದೇ ಕೇಂದ್ರ ಹೇಳುತ್ತದೆ. ನಡಿಗೆ ಇದನ್ನು ತಡೆಯುವ ಅಗ್ಗದ ದಾರಿಗಳಲ್ಲಿ ಒಂದು.

ಬೆಳಗಿನಿಂದ ರಾತ್ರಿವರೆಗೆ ದುಡಿಯುವ ಹೆಂಗಸರನ್ನು ‘ಚಟುವಟಿಕೆ ಇಲ್ಲದವರು’ ಅನ್ನೋದು ಸರಿನಾ?

ಸರಿಯಲ್ಲ. ಹೋಟೆಲ್ ಕೋಣೆಗಳನ್ನು ಗುಡಿಸಿ ಒರೆಸುವವರು, ಹೊಲದಲ್ಲಿ ಸ್ಟ್ರಾಬೆರಿ ಕೀಳುವವರು, ಬೇರೆಯವರ ಮನೆಯ ಮಕ್ಕಳನ್ನೂ ವಯಸ್ಸಾದವರನ್ನೂ ನೋಡಿಕೊಳ್ಳುವವರು ಇವರಲ್ಲಿ ತುಂಬಾ ಜನ. ಸಮೀಕ್ಷೆಯ ಪ್ರಶ್ನೆ ‘ಬಿಡುವಿನ ವೇಳೆಯಲ್ಲಿ ವ್ಯಾಯಾಮ ಮಾಡುತ್ತೀರಾ’ ಅಂತ ಇರುತ್ತದೆ. ಬಿಡುವೇ ಇಲ್ಲದವಳು ‘ಇಲ್ಲ’ ಅನ್ನದೆ ಇನ್ನೇನು ಹೇಳಬೇಕು?

ಹಾಗಂತ ದುಡಿಮೆಯೇ ಸಾಕು ಅಂತಲೂ ಅಲ್ಲ. ಗಂಟೆಗಟ್ಟಲೆ ನಿಂತು, ಬಗ್ಗಿ, ಭಾರ ಎತ್ತಿ ಮಾಡುವ ಕೆಲಸದಲ್ಲಿ ಸೊಂಟ, ಮಂಡಿ ಸವೆಯುತ್ತವೆ. ಆದರೆ ಉಸಿರು ಸ್ವಲ್ಪ ಏರಿ, ಎದೆ ಬಡಿತ ಕೆಲ ಹೊತ್ತು ಒಂದೇ ಸಮ ಮೇಲಿದ್ದು, ಆಮೇಲೆ ಮೈಗೆ ಆರಾಮ ಸಿಗುವ ಅವಕಾಶ ಅಂಥ ಕೆಲಸದಲ್ಲಿ ಕಡಿಮೆ. ಹಾಗಾಗಿ ಕಾರ್ಯಕ್ರಮ ನಡೆಸುವವರು ಮೊದಲ ಮಾತಲ್ಲೇ ‘ನೀವು ಸೋಮಾರಿಗಳು’ ಎಂಬ ಧ್ವನಿ ಬಾರದಂತೆ ನೋಡಿಕೊಳ್ಳಬೇಕು. ಆ ಧ್ವನಿ ಒಮ್ಮೆ ಕೇಳಿಸಿತು ಅಂದರೆ ಅವರು ಆ್ಯಪನ್ನು ಮತ್ತೆ ತೆರೆಯಲ್ಲ.

ವಾರಕ್ಕೆ ಎಷ್ಟು ನಡೆಯಬೇಕು?

150 ನಿಮಿಷ, ಸಾಧಾರಣ ಬಿರುಸಿನಲ್ಲಿ. ಜೊತೆಗೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಬಿರುಸು ಸರಿಯಿದೆಯಾ ಅಂತ ನೋಡಲು ಸುಲಭ ಉಪಾಯ: ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ ಮಾಡಲೇಬೇಕು ಅಂತ ಮುಂಚೆ ಹೇಳುತ್ತಿದ್ದರು. 2018ರ ಅಮೆರಿಕದ ಮಾರ್ಗಸೂಚಿ ಆ ಷರತ್ತನ್ನು ತೆಗೆದುಹಾಕಿತು. ಪುಟ್ಟ ಮಕ್ಕಳ ತಾಯಂದಿರಿಗೆ ಇದು ದೊಡ್ಡ ಅನುಕೂಲ. ಬಸ್‌ಸ್ಟಾಪಿಗೆ 6 ನಿಮಿಷ, ಶಾಲೆಯಿಂದ ಮನೆಗೆ 8 ನಿಮಿಷ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ಮೊಬೈಲು 10,000 ಹೆಜ್ಜೆ ಕೇಳುತ್ತದಲ್ಲ? ಅಷ್ಟು ಆಗದಿದ್ದರೆ?

10,000 ಅನ್ನೋ ಸಂಖ್ಯೆ ಬಂದದ್ದು 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಒಂದು ಸಾಧನದ ಹೆಸರಿನಿಂದ. ವೈದ್ಯಕೀಯ ಸಂಶೋಧನೆ ನಡೆಸಿ ಕಂಡುಕೊಂಡ ಗಡಿ ಅದಲ್ಲ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 16,741 ಹಿರಿಯ ಮಹಿಳೆಯರ ಹೆಜ್ಜೆಗಳನ್ನು ಎಣಿಸಿದ್ದರು. ಅವರ ಸರಾಸರಿ ವಯಸ್ಸು 72. ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವಿನ ಪ್ರಮಾಣ ಸಾಕಷ್ಟು ಕಡಿಮೆ ಇತ್ತು. ಸುಮಾರು 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ಆ ಅಧ್ಯಯನದಲ್ಲಿದ್ದವರು ಬಹುಪಾಲು ಬಿಳಿಯ ಮಹಿಳೆಯರು ಅನ್ನೋದನ್ನೂ ಮರೆಯಬಾರದು.

ನನ್ನ ಸಲಹೆ ಇಷ್ಟೇ. ಮೊದಲ ವಾರ ಏನೂ ಬದಲಿಸದೆ ಸುಮ್ನೆ ಎಣಿಸಿ. ಬಂದ ಸರಾಸರಿಗೆ 500 ಹೆಜ್ಜೆ ಸೇರಿಸಿ, ಅದನ್ನೇ ಮುಂದಿನ ಗುರಿ ಮಾಡಿಕೊಳ್ಳಿ. ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ 10,000ವನ್ನು ಅಳಿಸಿ ನಿಮ್ಮ ಸಂಖ್ಯೆ ಹಾಕಬಹುದು. ಎಷ್ಟೋ ಜನಕ್ಕೆ ಇದು ಗೊತ್ತಿರಲ್ಲ.

ಜಿಮ್ ಇದೆ, ಪಾರ್ಕ್ ಇದೆ. ಇದಕ್ಕೆಲ್ಲ ಮೊಬೈಲು ಯಾಕೆ ಬೇಕು?

ಜಿಮ್‌ಗೆ ಹೋಗಲು ದುಡ್ಡು ಬೇಕು, ಕಾರು ಬೇಕು, ಮಗುವನ್ನು ನೋಡಿಕೊಳ್ಳಲು ಯಾರಾದರೂ ಬೇಕು. ಸಂಜೆ 6ಕ್ಕೆ ತರಗತಿ ಅಂದರೆ ಅದೇ ಹೊತ್ತಿಗೆ ಮನೆಯಲ್ಲಿ ಅಡುಗೆ ಆಗಬೇಕು. ಕೆಲವು ಬಡಾವಣೆಗಳಲ್ಲಿ ಕತ್ತಲಾದ ಮೇಲೆ ಹೆಂಗಸರು ಒಬ್ಬರೇ ಓಡಾಡಲು ಹೆದರುತ್ತಾರೆ. ಕಾಲುದಾರಿಯೇ ಇಲ್ಲದ ರಸ್ತೆಗಳೂ ಇವೆ.

ಮೊಬೈಲು ಮಾತ್ರ ಕೈಯಲ್ಲೇ ಇರುತ್ತದೆ. ಪ್ಯೂ ಸಂಶೋಧನಾ ಕೇಂದ್ರದ 2021ರ ಸಮೀಕ್ಷೆ ಪ್ರಕಾರ ಲ್ಯಾಟಿನೊ ವಯಸ್ಕರಲ್ಲಿ ಸುಮಾರು 25% ಜನಕ್ಕೆ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲ, ಇಂಟರ್ನೆಟ್ ಅಂದರೆ ಸ್ಮಾರ್ಟ್‌ಫೋನ್ ಮಾತ್ರ. ಕಂಪ್ಯೂಟರ್ ಪರದೆಗೆಂದು ಮಾಡಿದ ವೆಬ್‌ಸೈಟು, ಡೇಟಾ ನುಂಗುವ ಉದ್ದುದ್ದ ವಿಡಿಯೊ ಇವರಿಗೆ ಕೆಲಸಕ್ಕೆ ಬರಲ್ಲ. ಚಿಕ್ಕ ಪರದೆಗೆ ಹೊಂದಬೇಕು, ಡೇಟಾ ಕಡಿಮೆ ತಿನ್ನಬೇಕು.

ಇದರಿಂದ ನಿಜವಾಗಿ ಲಾಭ ಆಗಿದೆಯಾ?

ಆಗಿದೆ. ಈ ಕಥೆ ಶುರುವಾಗುವುದು ಅಂಚೆಯಿಂದ. ರೋಡ್ ಐಲೆಂಡ್ ರಾಜ್ಯದಲ್ಲಿ ಸಂಶೋಧಕಿ ಬೆಸ್ ಮಾರ್ಕಸ್ ಮತ್ತು ಸಂಗಡಿಗರು ‘ಸೆಯಾಮೋಸ್ ಸಾಲುದಾಬ್ಲೆಸ್’ ಎಂಬ ಕಾರ್ಯಕ್ರಮ ನಡೆಸಿದರು. ಹೆಚ್ಚುಕಡಿಮೆ ವ್ಯಾಯಾಮವನ್ನೇ ಮಾಡದ 266 ಲ್ಯಾಟಿನಾ ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸ್ಪ್ಯಾನಿಷ್‌ನಲ್ಲಿ, ಅವರವರ ಉತ್ತರಗಳಿಗೆ ತಕ್ಕಂತೆ ಬರೆದ ವ್ಯಾಯಾಮದ ಮಾಹಿತಿ ಅಂಚೆಯಲ್ಲಿ ಹೋಯಿತು. ಇನ್ನೊಂದು ಗುಂಪಿಗೆ ಬೇರೆ ಆರೋಗ್ಯ ಮಾಹಿತಿ. 6 ತಿಂಗಳಿಗೆ ಮೊದಲ ಗುಂಪಿನವರು ತಾವೇ ಹೇಳಿದ ಲೆಕ್ಕದಲ್ಲಿ ವಾರಕ್ಕೆ ಸುಮಾರು 2 ನಿಮಿಷದಿಂದ 73 ನಿಮಿಷಕ್ಕೆ ಏರಿದ್ದರು. ಇನ್ನೊಂದು ಗುಂಪು ಸುಮಾರು 33ಕ್ಕೆ ನಿಂತಿತ್ತು. ಇದು 2013ರಲ್ಲಿ ಪ್ರಕಟವಾಯಿತು.

ಅದನ್ನೇ ಇಂಟರ್ನೆಟ್ಟಿಗೆ ತಂದಾಗ ಬಂದದ್ದು ಸ್ಯಾನ್ ಡಿಯಾಗೊದ ‘ಪಾಸೋಸ್ ಆಸಿಯಾ ಲಾ ಸಾಲುದ್’. ಇದರಲ್ಲಿ 205 ಮಹಿಳೆಯರಿದ್ದರು, ಹೆಚ್ಚಿನವರು ಮೆಕ್ಸಿಕನ್ ಮೂಲದವರು. ಇಲ್ಲೂ ಎರಡು ಗುಂಪು. ಒಂದು ಗುಂಪಿನವರು ವೆಬ್‌ಸೈಟಿನಲ್ಲಿ ಆಗಾಗ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದರು. ನಡೆಯಲು ಮನಸ್ಸಿದೆಯಾ, ಏನು ಅಡ್ಡ ಬರುತ್ತಿದೆ, ಮಾಡಬಲ್ಲೆ ಎಂಬ ಧೈರ್ಯ ಎಷ್ಟಿದೆ, ಹೀಗೆ. ಆ ಉತ್ತರ ನೋಡಿಕೊಂಡು ಕಂಪ್ಯೂಟರು ಅವರಿಗೇ ಹೊಂದುವ ಸಲಹೆ ಕೊಡುತ್ತಿತ್ತು. ಕಳೆದ ಸಲಕ್ಕಿಂತ ಈ ಸಲ ಎಷ್ಟು ಮುಂದೆ ಬಂದಿದ್ದಾರೆ ಅಂತಲೂ ತೋರಿಸುತ್ತಿತ್ತು. ಇನ್ನೂ ಮನಸ್ಸು ಮಾಡದವಳಿಗೆ ಒಂದು ಮಾತು, ಆಗಲೇ ನಡೆಯುತ್ತಿರುವವಳಿಗೆ ಬೇರೆ ಮಾತು. ದಿನದ ಲೆಕ್ಕ ಬರೆಯಲು, ಗುರಿ ಇಟ್ಟುಕೊಳ್ಳಲು ಜಾಗವಿತ್ತು.

2016ರಲ್ಲಿ ಫಲಿತಾಂಶ ಬಂತು. 6 ತಿಂಗಳ ಕೊನೆಗೆ ಈ ಗುಂಪಿನವರ ಏರಿಕೆ ಇಂಥ ಸಲಹೆ ಸಿಗದ ಇನ್ನೊಂದು ಗುಂಪಿಗಿಂತ ವಾರಕ್ಕೆ ಸುಮಾರು 50 ನಿಮಿಷ ಜಾಸ್ತಿ ಇತ್ತು. ಇದು ಅವರ ಬಾಯಿಮಾತಿನ ಲೆಕ್ಕ. ಸೊಂಟಕ್ಕೆ ಕಟ್ಟಿದ ಅಳತೆಯ ಸಾಧನ ತೋರಿಸಿದ ವ್ಯತ್ಯಾಸ 31 ನಿಮಿಷ. ಈ ಎರಡರ ನಡುವಿನ ಅಂತರ ಗಮನಿಸಿ. ನಾವೆಲ್ಲ ನಡೆದದ್ದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇವೆ, ಅಲ್ವಾ? ಆದರೂ ಸಾಧನದ ಲೆಕ್ಕದಲ್ಲೂ ಏರಿಕೆ ಸ್ಪಷ್ಟವಾಗಿದೆ. ನಾನು ಈ ಕೆಲಸವನ್ನು ನಂಬುವುದು ಅದಕ್ಕೇ.

ಇಂಗ್ಲಿಷ್ ಆ್ಯಪನ್ನು ಸ್ಪ್ಯಾನಿಷ್‌ಗೆ ಅನುವಾದ ಮಾಡಿದರೆ ಸಾಲದಾ?

ಸಾಲದು. ‘ಬೆಳಗ್ಗೆ ಎದ್ದು ನಿಮಗಾಗಿ ಅರ್ಧ ಗಂಟೆ ಇಟ್ಟುಕೊಳ್ಳಿ’ ಅಂತ ಎಷ್ಟು ಚೆಂದದ ಸ್ಪ್ಯಾನಿಷ್‌ನಲ್ಲಿ ಬರೆದರೂ, ಬೆಳಗ್ಗೆ 4ಕ್ಕೆ ಎದ್ದು ಬುತ್ತಿ ಕಟ್ಟಿ ಕೆಲಸಕ್ಕೆ ಹೊರಡುವವಳಿಗೆ ಅದು ಅವಳಿಗೆ ಹೇಳಿದ ಮಾತಲ್ಲ.

ಒಳ್ಳೆಯ ಕಾರ್ಯಕ್ರಮಗಳು ಮೊದಲು ಹೆಂಗಸರನ್ನೇ ಕೂರಿಸಿಕೊಂಡು ಕೇಳಿದವು. ಬಂದ ಉತ್ತರಗಳು ಹೆಚ್ಚುಕಡಿಮೆ ಒಂದೇ. ಹೊತ್ತಿಲ್ಲ, ಮಕ್ಕಳನ್ನು ಬಿಡಲು ಯಾರೂ ಇಲ್ಲ, ಸುಸ್ತು, ಬೀದಿ ಸುರಕ್ಷಿತ ಅಲ್ಲ, ಮನೆಯವರನ್ನು ಬಿಟ್ಟು ನನ್ನ ಪಾಡಿಗೆ ನಾನು ಹೋದರೆ ಸ್ವಾರ್ಥಿ ಅನ್ನುತ್ತಾರೆ. ಇವುಗಳಿಗೆ ಉತ್ತರ ಇರುವ ಆ್ಯಪ್ ಬೇಕು. ಮಕ್ಕಳ ಜೊತೆ ಮಾಡುವ ನಡಿಗೆ, ಅಡುಗೆಮನೆಯಲ್ಲೇ ಹಾಡು ಹಾಕಿಕೊಂಡು ಮಾಡುವ ಕುಣಿತ, ಹತ್ತಿರದ ಸುರಕ್ಷಿತ ಪಾರ್ಕಿನ ವಿಳಾಸ, ಬೇಸಿಗೆಯ ಬಿಸಿಲಲ್ಲಿ ಯಾವ ಮಾಲ್ ಒಳಗೆ ನಡೆಯಬಹುದು ಎಂಬ ಮಾಹಿತಿ. ಫೀನಿಕ್ಸ್‌ನಂಥ ಊರಲ್ಲಿ ಜುಲೈ ಮಧ್ಯಾಹ್ನ ಹೊರಗೆ ನಡೆಯಿರಿ ಅನ್ನೋ ಮೆಸೇಜ್ ಕಳಿಸಿದರೆ ಅದು ಅಪಾಯ.

ಮೆಸೇಜ್ ಬಂದ ಮಾತ್ರಕ್ಕೆ ಯಾರಾದರೂ ಎದ್ದು ನಡೆಯುತ್ತಾರಾ?

ಮೆಸೇಜ್ ಒಂದರಿಂದಲೇ ಎಲ್ಲ ಆಗಲ್ಲ. ಆದರೆ ಸರಿಯಾದ ಹೊತ್ತಿಗೆ ಬಂದ ಎರಡು ಸಾಲು ಕೆಲಸ ಮಾಡುತ್ತದೆ. ಸ್ಯಾನ್ ಡಿಯಾಗೊದಲ್ಲಿ ನಡೆದ ‘ಸೆಯಾಮೋಸ್ ಆಕ್ಟಿವಾಸ್ 2’ ಎಂಬ ಪ್ರಯೋಗದಲ್ಲಿ ಹಳೆಯ ಅಂಚೆ ಕಾರ್ಯಕ್ರಮಕ್ಕೆ ಮೊಬೈಲ್ ಮೆಸೇಜ್ ಮತ್ತು ಫೋನ್ ಕರೆಗಳನ್ನು ಸೇರಿಸಿ ನೋಡಿದರು. ಅದೇ ಊರಿನ ‘ಡುಲ್ಸೆ ಡಿಜಿಟಲ್’ ಎಂಬ ಇನ್ನೊಂದು ಅಧ್ಯಯನ ಸಕ್ಕರೆ ಕಾಯಿಲೆ ಇರುವ 126 ಲ್ಯಾಟಿನೊ ಗಂಡಸರು ಹೆಂಗಸರ ಮೇಲೆ ನಡೆಯಿತು. ಅದರಲ್ಲಿ ಮೆಸೇಜ್ ಪಡೆದವರ ಸಕ್ಕರೆ ಹತೋಟಿ ಮೆಸೇಜ್ ಇಲ್ಲದವರಿಗಿಂತ ಚೆನ್ನಾಗಿ ಸುಧಾರಿಸಿತು.

ಎರಡು ಮೆಸೇಜ್ ಹೋಲಿಸಿ ನೋಡೋಣ. ನಾನೇ ಬರೆದ ಉದಾಹರಣೆಗಳು ಇವು. ಮೊದಲನೆಯದು: ‘ನೀವು ಈ ವಾರ ಗುರಿ ಮುಟ್ಟಿಲ್ಲ. ಇಂದೇ ವ್ಯಾಯಾಮ ಮಾಡಿ.’ ಎರಡನೆಯದು: ‘ಮಂಗಳವಾರ ಮಗಳನ್ನು ಶಾಲೆಗೆ ಬಿಟ್ಟು 12 ನಿಮಿಷ ನಡೆದಿರಿ. ನಾಳೆಯೂ ಅದೇ ದಾರಿ ಆಗುತ್ತಾ? ಆಗುತ್ತೆ ಅಂದರೆ 1, ಬೇರೆ ಹೊತ್ತು ಬೇಕು ಅಂದರೆ 2 ಕಳಿಸಿ.’ ಎರಡನೆಯದರಲ್ಲಿ ಅವಳ ವಾರ ಇದೆ, ಅವಳು ಮಾಡಿದ್ದರ ನೆನಪಿದೆ, ಉತ್ತರಿಸಲು ಒಂದೇ ಒತ್ತು ಸಾಕು. ದಿನಕ್ಕೆ ಐದಾರು ಕಳಿಸಿದರೆ ಮಾತ್ರ ಯಾರೂ ಓದಲ್ಲ. ಯಾವ ಹೊತ್ತಿಗೆ, ವಾರಕ್ಕೆ ಎಷ್ಟು ಬೇಕು ಅಂತ ಅವರನ್ನೇ ಕೇಳಿ.

ವಯಸ್ಸಾದವರಿಗೆ, ಕಂಪ್ಯೂಟರ್ ಮುಟ್ಟದವರಿಗೆ ಇದೆಲ್ಲ ಆಗುತ್ತಾ?

ಈ ಪ್ರಶ್ನೆಗೆ ಉತ್ತರ ಕೊಡುವುದೆಂದರೆ ನನಗೆ ಖುಷಿ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆ್ಯಬಿ ಕಿಂಗ್ ಮತ್ತು ಬಾಸ್ಟನ್‌ನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ತಿಮೊಥಿ ಬಿಕ್‌ಮೋರ್ ಸೇರಿ ‘ಕಾರ್ಮೆನ್’ ಎಂಬ ಸಲಹೆಗಾರ್ತಿಯನ್ನು ರೂಪಿಸಿದರು. ಕಾರ್ಮೆನ್ ಕಂಪ್ಯೂಟರ್ ಪರದೆಯ ಮೇಲಿನ ಬೊಂಬೆ. ಸ್ಪ್ಯಾನಿಷ್‌ನಲ್ಲೂ ಇಂಗ್ಲಿಷ್‌ನಲ್ಲೂ ಮಾತಾಡುತ್ತಾಳೆ. ಅವಳ ಮಾತು ಮುಗಿದ ಮೇಲೆ ಪರದೆಯಲ್ಲಿ ಮೂರು ನಾಲ್ಕು ಉತ್ತರಗಳು ಬರುತ್ತವೆ. ನಿಮಗೆ ಸರಿ ಅನ್ನಿಸಿದ್ದನ್ನು ಮುಟ್ಟಬೇಕು. ಟೈಪ್ ಮಾಡುವ ಕೆಲಸವೇ ಇಲ್ಲ. ಈ ಕಂಪ್ಯೂಟರನ್ನು ಇಟ್ಟದ್ದು ಹಿರಿಯರು ದಿನಾ ಬಂದು ಹೋಗುವ ಸಮುದಾಯ ಕೇಂದ್ರಗಳಲ್ಲಿ. ಬಂದವರು ತಮ್ಮ ಹೆಜ್ಜೆ ಎಣಿಕೆಯ ಸಾಧನವನ್ನು ಕಂಪ್ಯೂಟರಿಗೆ ಜೋಡಿಸುತ್ತಾರೆ. ಹೆಜ್ಜೆ ಲೆಕ್ಕ ನೋಡಿ ಕಾರ್ಮೆನ್ ವಿಚಾರಿಸುತ್ತಾಳೆ, ಏನು ಅಡ್ಡ ಬಂತು ಅಂತ ಕೇಳುತ್ತಾಳೆ, ಮುಂದಿನ ಗುರಿ ಇಬ್ಬರೂ ಸೇರಿ ಗೊತ್ತು ಮಾಡುತ್ತಾರೆ.

ಮೊದಲು ಚಿಕ್ಕದಾಗಿ ಮಾಡಿ ನೋಡಿದರು. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ 10 ಕೇಂದ್ರಗಳಲ್ಲಿ 50 ದಾಟಿದ 245 ಲ್ಯಾಟಿನೊ ಹಿರಿಯರನ್ನು ಸೇರಿಸಿ ‘ಕಂಪಾಸ್’ ಎಂಬ ದೊಡ್ಡ ಪ್ರಯೋಗ ಮಾಡಿದರು. ಅವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಹೆಂಗಸರು. ಅರ್ಧ ಕೇಂದ್ರಗಳಲ್ಲಿ ಪರದೆಯ ಸಲಹೆಗಾರ್ತಿ, ಉಳಿದ ಅರ್ಧದಲ್ಲಿ ತರಬೇತಿ ಪಡೆದ ಅದೇ ಸಮುದಾಯದ ನಿಜವಾದ ಸಲಹೆಗಾರರು. ಒಂದು ವರ್ಷದ ನಂತರ ಪರದೆಯ ಗುಂಪಿನ ನಡಿಗೆ ವಾರಕ್ಕೆ ಸುಮಾರು 154 ನಿಮಿಷ ಹೆಚ್ಚಿತ್ತು, ಮನುಷ್ಯರ ಗುಂಪಿನದು ಸುಮಾರು 132 ನಿಮಿಷ. 2020ರಲ್ಲಿ ಇದು ಪ್ರಕಟವಾಯಿತು. ಅಂದರೆ ಬೊಂಬೆ ಮನುಷ್ಯರಿಗಿಂತ ಹಿಂದೆ ಬೀಳಲಿಲ್ಲ.

ಇಲ್ಲಿ ಒಂದು ವಿಷಯ ಬಿಟ್ಟುಹೋಗಬಾರದು. ಯಂತ್ರ ಇದ್ದದ್ದು ಜನ ಸೇರುವ ಜಾಗದಲ್ಲಿ. ಕಾಫಿ, ಊಟ, ಹರಟೆ, ಪರಿಚಯದ ಮುಖಗಳು ಅಲ್ಲೇ ಇದ್ದವು. ಇದೇ ಕಾರ್ಮೆನ್‌ಳನ್ನು ಮನೆಯಲ್ಲಿ ಒಂಟಿಯಾಗಿರುವವರ ಮೊಬೈಲಿಗೆ ಹಾಕಿದರೆ ಇಷ್ಟೇ ಫಲ ಬರುತ್ತದೆ ಅಂತ ಇದರಿಂದ ಹೇಳಲಾಗದು.

ಹಾಗಾದರೆ ಆರೋಗ್ಯ ಕಾರ್ಯಕರ್ತೆಯರು ಬೇಡವಾ?

ಖಂಡಿತ ಬೇಕು. ಲ್ಯಾಟಿನೊ ಬಡಾವಣೆಗಳಲ್ಲಿ ‘ಪ್ರೊಮೊತೋರಾ’ ಎಂದು ಕರೆಯುವ ಕಾರ್ಯಕರ್ತೆಯರಿದ್ದಾರೆ. ಅದೇ ಬೀದಿಯವರು, ಅದೇ ಭಾಷೆಯವರು. ನಮ್ಮ ಆಶಾ ಕಾರ್ಯಕರ್ತೆಯರನ್ನು ಬಲ್ಲವರಿಗೆ ಇವರ ಕೆಲಸ ತಕ್ಷಣ ಅರ್ಥವಾಗುತ್ತದೆ. ಸ್ಯಾನ್ ಡಿಯಾಗೊದಲ್ಲಿ ಎಲ್ವಾ ಅರೆದೊಂದೊ ಮುನ್ನಡೆಸಿದ ‘ಫೆ ಎನ್ ಆಕ್ಸಿಯೊನ್’ ಕಾರ್ಯಕ್ರಮ 16 ಚರ್ಚುಗಳಲ್ಲಿ, 436 ಲ್ಯಾಟಿನಾ ಮಹಿಳೆಯರ ಜೊತೆ ನಡೆಯಿತು. ಅಲ್ಲಿ ನಡಿಗೆಯ ಗುಂಪು, ಕುಣಿತದ ತರಗತಿ ನಡೆಸಿದವರು ಪ್ರೊಮೊತೋರಾಗಳೇ.

ನಂಬಿಕೆ ಹುಟ್ಟಿಸುವುದು, ಮೊದಲ ಸಲ ಆ್ಯಪ್ ಹಾಕಿ ತೋರಿಸುವುದು, ಹತ್ತು ದಿನ ಸುದ್ದಿ ಇಲ್ಲದವಳ ಮನೆಗೆ ಹೋಗಿ ‘ಹುಷಾರಾಗಿದ್ದೀಯಾ’ ಅಂತ ಕೇಳುವುದು ಇವರಿಂದ ಮಾತ್ರ ಸಾಧ್ಯ. ಲೆಕ್ಕ ಇಡುವುದು, ದಿನಾ ನೆನಪಿಸುವುದು ಮೊಬೈಲಿಗೆ ಬಿಡಬಹುದು. ಆಗ ಒಬ್ಬ ಕಾರ್ಯಕರ್ತೆ ಹೆಚ್ಚು ಜನರನ್ನು ನೋಡಿಕೊಳ್ಳಬಹುದು. ಆ್ಯಪ್ ಬಂತು ಅಂತ ಕಾರ್ಯಕರ್ತೆಯ ಸಂಬಳ ಕಡಿತ ಮಾಡುವ ಯೋಜನೆ ಕಂಡರೆ ನಾನಂತೂ ವಿರೋಧಿಸುತ್ತೇನೆ.

ಹದಿಹರೆಯದ ಹುಡುಗಿಯರಿಗೂ ಇಂಥದ್ದು ಇದೆಯಾ?

ಇದೆ. ಸ್ಯಾನ್ ಡಿಯಾಗೊದಲ್ಲಿ ಬ್ರಿಟ್ಟಾ ಲಾರ್ಸೆನ್ ಅವರ ‘ಚೀಕಾಸ್ ಫುಯೆರ್ತೆಸ್’ 13ರಿಂದ 18 ವರ್ಷದ ಲ್ಯಾಟಿನಾ ಹುಡುಗಿಯರಿಗೆಂದೇ ರೂಪುಗೊಂಡಿತು. ಫಿಟ್‌ಬಿಟ್ (ಕೈಗೆ ಕಟ್ಟುವ ಹೆಜ್ಜೆ ಎಣಿಕೆಯ ಸಾಧನ), ವೆಬ್‌ಸೈಟು, ಅವರವರಿಗೆ ತಕ್ಕ ಮೆಸೇಜು, ಇನ್‌ಸ್ಟಾಗ್ರಾಮ್ ಎಲ್ಲ ಅದರಲ್ಲಿ ಸೇರಿತ್ತು. ಈ ವಯಸ್ಸಿನಲ್ಲಿ ಆಟ ಬಿಡುವ ಹುಡುಗಿಯರು ಜಾಸ್ತಿ. ಮನೆಯಲ್ಲಿ ತಮ್ಮ-ತಂಗಿಯರನ್ನು ನೋಡಿಕೊಳ್ಳುವ ಭಾರವೂ ಅವರ ಮೇಲೆ ಬೀಳುತ್ತದೆ. ಹುಡುಗಿಯರ ಕಾರ್ಯಕ್ರಮದಲ್ಲಿ ತೂಕ, ಕ್ಯಾಲೊರಿ, ಕನ್ನಡಿ ಮುಂದಿನ ಫೋಟೊ ಇವುಗಳನ್ನು ದೂರ ಇಡಿ. ಬಲ, ಖುಷಿ, ಗೆಳತಿಯರು, ಇಷ್ಟೇ ಸಾಕು.

ಯಾವ ಸಾಧನ ಕೊಳ್ಳಬೇಕು?

ಮೊದಲು ಏನೂ ಕೊಳ್ಳಬೇಡಿ. ಇರುವ ಮೊಬೈಲೇ ಹೆಜ್ಜೆ ಎಣಿಸುತ್ತದೆ. ತೊಂದರೆ ಏನಂದರೆ ಮನೆಯೊಳಗೆ ಓಡಾಡುವಾಗ ಅದು ಮೇಜಿನ ಮೇಲಿರುತ್ತದೆ, ಹೆಂಗಸರ ಬಟ್ಟೆಗೆ ಜೇಬು ಇರಲ್ಲ. ಸೊಂಟಕ್ಕೆ ಸಿಕ್ಕಿಸುವ ಚಿಕ್ಕ ಪೆಡೋಮೀಟರ್ ಅಗ್ಗ, ಚಾರ್ಜ್ ಮಾಡುವ ಗೋಜಿಲ್ಲ.

ಕೈಗಡಿಯಾರದಲ್ಲೂ ಒಂದು ಸಮಸ್ಯೆ ಇದೆ. ಅದು ಕೈ ಬೀಸುವುದನ್ನು ನೋಡಿ ಹೆಜ್ಜೆ ಎಣಿಸುತ್ತದೆ. ಮಗುವಿನ ತಳ್ಳುಗಾಡಿ ಹಿಡಿದು ಅರ್ಧ ಗಂಟೆ ನಡೆದರೆ ಕೈ ಗಾಡಿಯ ಮೇಲೇ ಇರುತ್ತದೆ, ಎಷ್ಟೋ ಹೆಜ್ಜೆ ಲೆಕ್ಕಕ್ಕೇ ಬರಲ್ಲ. ಅಂಗಡಿಯ ಸಾಮಾನು ಗಾಡಿ ತಳ್ಳುವಾಗಲೂ ಹಾಗೇ. ತಾಯಂದಿರ ಕಾರ್ಯಕ್ರಮದಲ್ಲಿ ಇದು ಸಣ್ಣ ವಿಷಯ ಅಲ್ಲ. ನಡೆದು ಬೆವರಿ ಬಂದವಳಿಗೆ ಗಡಿಯಾರ ‘ಇನ್ನೂ ಏಳಿ’ ಅಂದರೆ ಹೇಗನ್ನಿಸಬೇಕು? ಅಂಥ ದಿನ ಗಡಿಯಾರವನ್ನು ಕಾಲಿಗೆ ಕಟ್ಟಿಕೊಳ್ಳಿ, ಇಲ್ಲವೇ ಹೆಜ್ಜೆ ಬಿಟ್ಟು ನಿಮಿಷಗಳ ಲೆಕ್ಕ ಇಡಿ.

ವಾಟ್ಸಾಪ್ ಗುಂಪು ಮಾಡಿದರೆ?

ಒಳ್ಳೆಯದು. ಪ್ಯೂ ಕೇಂದ್ರದ ಲೆಕ್ಕದಲ್ಲಿ 2023ರಲ್ಲಿ ಅಮೆರಿಕದ ಲ್ಯಾಟಿನೊ ವಯಸ್ಕರಲ್ಲಿ 54% ಜನ ವಾಟ್ಸಾಪ್ ಬಳಸುತ್ತಿದ್ದರು. ಊರಿನಲ್ಲಿರುವ ಅಮ್ಮ, ಅಕ್ಕತಂಗಿಯರ ಜೊತೆ ಮಾತಾಡುವುದು ಅದರಲ್ಲೇ. ಹೊಸ ಆ್ಯಪ್ ಕಲಿಸುವ ಬದಲು ಅಲ್ಲಿಗೇ ಹೋಗುವುದು ಜಾಣತನ. ಗುಂಪು ಚಿಕ್ಕದಿರಲಿ, ಪರಸ್ಪರ ಮುಖ ಗೊತ್ತಿರಲಿ. ‘ಇವತ್ತು ಎಷ್ಟು ಹೆಜ್ಜೆ’ ಅಂತ ಪೈಪೋಟಿ ಹಚ್ಚಿದರೆ ಕೆಳಗಿರುವವರು ಮೌನವಾಗುತ್ತಾರೆ. ನಡೆದ ದಾರಿಯ ಫೋಟೊ, ಒಂದು ಹಾಡು, ‘ನಾಳೆ 7ಕ್ಕೆ ಯಾರು ಬರ್ತೀರಿ’ ಎಂಬ ಮಾತು, ಇವೇ ಜನರನ್ನು ಹೊರಗೆ ತರುವುದು. ಔಷಧಿ ಮಾರುವವರು, ಗಾಳಿಸುದ್ದಿ ಹಂಚುವವರು ಬಂದರೆ ಕೂಡಲೇ ತೆಗೆಯಿರಿ.

ಮನೆಯಲ್ಲೇ ವಿಡಿಯೊ ನೋಡಿ ಕುಣಿಯುವುದು ವ್ಯಾಯಾಮವೇ?

ಖಂಡಿತ. ಕುಣಿತವನ್ನೇ ವ್ಯಾಯಾಮ ಮಾಡಿದ ಜುಂಬಾ ಹುಟ್ಟಿದ್ದೇ ಕೊಲಂಬಿಯಾದ ಕಾಲಿ ನಗರದಲ್ಲಿ. ಏರೋಬಿಕ್ಸ್ ಹೇಳಿಕೊಡುತ್ತಿದ್ದ ಬೆಟೊ ಪೆರೆಸ್ ಒಂದು ದಿನ ತರಗತಿಯ ಸಂಗೀತ ಮರೆತು ಬಂದು, ಕೈಗೆ ಸಿಕ್ಕ ಸಾಲ್ಸಾ, ಮೆರೆಂಗೆ ಎಂಬ ಲ್ಯಾಟಿನ್ ಕುಣಿತದ ಹಾಡುಗಳ ಕ್ಯಾಸೆಟ್ ಹಾಕಿ ಪಾಠ ನಡೆಸಿದ್ದು ಅದರ ಮೂಲ. ಶಿಕಾಗೊದಲ್ಲಿ ಡೇವಿಡ್ ಮಾರ್ಕೆಸ್ ಅವರ ‘ಬೈಲಾಮೋಸ್’ ಕಾರ್ಯಕ್ರಮ ಲ್ಯಾಟಿನೊ ಹಿರಿಯರಿಗೆ ಮೆರೆಂಗೆ, ಬಚಾತಾ, ಚಾ ಚಾ ಚಾ, ಸಾಲ್ಸಾ ಕಲಿಸಿ ಅದನ್ನೇ ವ್ಯಾಯಾಮವಾಗಿ ಬಳಸಿತು. ವಿಡಿಯೊ ಆರಿಸುವಾಗ 10 ನಿಮಿಷದ್ದು ಆರಿಸಿ, ಮಂಡಿ ನೋವಿರುವವರಿಗೆ ಜಿಗಿತ ಇಲ್ಲದ್ದು.

ಗಂಡ, ಮನೆಯವರು ಒಪ್ಪದಿದ್ದರೆ?

ಇದು ಆ್ಯಪ್ ಬಿಡಿಸುವ ಗಂಟಲ್ಲ. ಆದರೂ ಕಾರ್ಯಕ್ರಮಗಳು ಒಂದು ದಾರಿ ಕಂಡುಕೊಂಡಿವೆ. ವ್ಯಾಯಾಮವನ್ನು ಮನೆಯಿಂದ ಹೊರಗೆ ಹೋಗುವ ಕೆಲಸವಾಗಿ ತೋರಿಸುವ ಬದಲು ಮನೆಯವರ ಜೊತೆಗೇ ಮಾಡುವಂತೆ ಹೊಂದಿಸುವುದು. ಭಾನುವಾರ ಎಲ್ಲರೂ ಪಾರ್ಕಿಗೆ, ಸಂಜೆ ಮಕ್ಕಳ ಜೊತೆ ಚೆಂಡಾಟ, ಗಂಡನ ಮೊಬೈಲಿಗೂ ಒಂದು ಮೆಸೇಜ್. ಇದು ಫಲ ಕೊಡುತ್ತದೆ. ಆದರೆ ನನಗೆ ಒಂದು ಅಳುಕಿದೆ. ಎಲ್ಲವನ್ನೂ ‘ಮನೆಯವರಿಗಾಗಿ’ ಅಂತಲೇ ಹೇಳುತ್ತಾ ಹೋದರೆ, ಅವಳಿಗಾಗಿಯೇ ಒಂದು ಹೊತ್ತು ಅನ್ನೋದು ಮತ್ತೆ ಮಾಯವಾಗುತ್ತದೆ. ವಾರಕ್ಕೆ ಒಂದು ನಡಿಗೆಯಾದರೂ ಅವಳದ್ದೇ ಆಗಿರಲಿ, ಗೆಳತಿಯ ಜೊತೆಯೋ ಒಬ್ಬಳೆಯೋ.

ಮಾಹಿತಿ ಯಾರ ಕೈಗೆ ಹೋಗುತ್ತದೆ ಅಂತ ಭಯ ಆಗುತ್ತದೆ.

ಭಯ ನ್ಯಾಯವಾದದ್ದೇ. ಒಂದೇ ಮನೆಯಲ್ಲಿ ಮಗಳು ಅಮೆರಿಕದ ಪ್ರಜೆ, ತಾಯಿಗೆ ವೀಸಾ, ಚಿಕ್ಕಮ್ಮನಿಗೆ ಕಾಗದಪತ್ರವೇ ಇಲ್ಲ, ಇಂಥ ಕುಟುಂಬಗಳು ಸಾಕಷ್ಟಿವೆ. ಅವರಿಗೆ ದಿನಾ ಹೋಗುವ ದಾರಿಯ ನಕ್ಷೆ ಬೇರೆಯವರಿಗೆ ಸಿಗುವುದು ಅಂದರೆ ದೊಡ್ಡ ಆತಂಕ. 2018ರಲ್ಲಿ, ಓಟ, ಸೈಕಲ್ ಸವಾರಿಯ ಲೆಕ್ಕ ಇಡುವ ಸ್ಟ್ರಾವಾ ಆ್ಯಪಿನ ಸಾರ್ವಜನಿಕ ನಕ್ಷೆಯಿಂದ ಸೈನಿಕ ನೆಲೆಗಳ ಜಾಡೇ ಗೊತ್ತಾಗಿ ಸುದ್ದಿಯಾಗಿತ್ತು. ಅಮೆರಿಕದಲ್ಲಿ ಆಸ್ಪತ್ರೆಯ ದಾಖಲೆಗಳನ್ನು ಕಾಯುವ ಹಿಪ್ಪಾ ಕಾನೂನು ಮಾರುಕಟ್ಟೆಯ ಹೆಚ್ಚಿನ ಫಿಟ್‌ನೆಸ್ ಆ್ಯಪ್‌ಗಳಿಗೆ ಅನ್ವಯಿಸುವುದಿಲ್ಲ.

ಹೆಜ್ಜೆ ಎಣಿಸಲು ಜಾಗದ ಮಾಹಿತಿ ಬೇಕಿಲ್ಲ. ಲೊಕೇಷನ್ ಆಫ್ ಮಾಡಿ. ಹೆಸರಿನ ಬದಲು ಅಡ್ಡಹೆಸರು ಹಾಕಿ. ಕಾರ್ಯಕ್ರಮ ನಡೆಸುವವರು ಏನು ಸಂಗ್ರಹಿಸುತ್ತೇವೆ, ಎಷ್ಟು ದಿನ ಇಡುತ್ತೇವೆ, ಯಾರಿಗೆ ಕೊಡುವುದಿಲ್ಲ ಅಂತ ಸರಳ ಸ್ಪ್ಯಾನಿಷ್‌ನಲ್ಲಿ ಮೊದಲ ದಿನವೇ ಎದುರು ಕೂತು ಹೇಳಬೇಕು. ವಲಸೆಯ ಸ್ಥಿತಿಯನ್ನು ಕೇಳಲೇಬಾರದು.

ಎರಡು ತಿಂಗಳಿಗೆ ಎಲ್ಲರೂ ಬಿಟ್ಟುಬಿಡುತ್ತಾರಲ್ಲ?

ಬಿಡುತ್ತಾರೆ. ಮಗುವಿಗೆ ಜ್ವರ, ಕೆಲಸದ ಪಾಳಿ ಬದಲು, ಊರಿನಿಂದ ನೆಂಟರು, ಒಂದು ವಾರ ತಪ್ಪಿತು ಅಂದರೆ ಆಯಿತು. ಹಾಗಾಗಿ ಮೊದಲೇ ಇದಕ್ಕೆ ಜಾಗ ಇಡಬೇಕು. ‘ಸತತ 30 ದಿನ’ ಎಂಬ ಸರಪಳಿಯ ಆಟ ಇವರಿಗೆ ಸರಿಹೋಗಲ್ಲ, ಒಂದು ದಿನ ತಪ್ಪಿದರೆ ಎಲ್ಲ ಸೊನ್ನೆ. ವಾರದ ಲೆಕ್ಕ ಇಡಿ. ಮೂರು ದಿನ ಸುದ್ದಿ ಇಲ್ಲದಿದ್ದರೆ ಬರುವ ಮೆಸೇಜಿನಲ್ಲಿ ಗದರಿಕೆ ಬೇಡ, ‘ಮತ್ತೆ 5 ನಿಮಿಷದಿಂದ ಶುರು ಮಾಡೋಣ’ ಅಂತಿರಲಿ.

ಯಾರು ಮೊದಲು ಡಾಕ್ಟರನ್ನು ಕೇಳಬೇಕು?

ಎದೆನೋವು, ನಡೆಯುವಾಗ ತಲೆಸುತ್ತು, ಹೃದಯದ ಕಾಯಿಲೆ ಇರುವವರು. ಇನ್ಸುಲಿನ್ ತೆಗೆದುಕೊಳ್ಳುವವರು ಸಕ್ಕರೆ ದಿಢೀರ್ ಇಳಿಯುವ ಬಗ್ಗೆ ಕೇಳಿಕೊಳ್ಳಬೇಕು, ಜೊತೆಗೆ ಏನಾದರೂ ಸಿಹಿ ಇಟ್ಟುಕೊಳ್ಳಬೇಕು. ಗರ್ಭಿಣಿಯರಿಗೆ ನಡಿಗೆ ಸಾಮಾನ್ಯವಾಗಿ ಒಳ್ಳೆಯದೇ, ಆದರೂ ತಮ್ಮ ಡಾಕ್ಟರಿಗೆ ಒಂದು ಮಾತು ಹೇಳಲಿ.

ಇದರಿಂದ ನಮಗೇನು ಉಪಯೋಗ?

ಕಂಪಾಸ್ ಪ್ರಯೋಗ ನಡೆದ ಕೊಲ್ಲಿ ಪ್ರದೇಶದಲ್ಲೇ ಸಾವಿರಾರು ಕನ್ನಡಿಗರಿದ್ದಾರೆ. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದು ಇಂಗ್ಲಿಷ್ ಮಾತಾಡಲು ಅಳುಕುವ ಅಮ್ಮಂದಿರ ದಿನಚರಿ ಆ ಹಿರಿಯರದ್ದಕ್ಕಿಂತ ತೀರ ಬೇರೆಯಲ್ಲ. ಭಾರತದಲ್ಲೂ ಪರಿಸ್ಥಿತಿ ಚೆನ್ನಾಗಿಲ್ಲ. 2024ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಅಂದಾಜಿನಂತೆ ಭಾರತದ ವಯಸ್ಕ ಹೆಂಗಸರಲ್ಲಿ ಸುಮಾರು 57% ಜನಕ್ಕೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ, ಗಂಡಸರಲ್ಲಿ ಸುಮಾರು 42%. ಕಾರ್ಮೆನ್‌ಳನ್ನು ಹಾಗೇ ಕನ್ನಡಕ್ಕೆ ತಂದರೆ ಆಗದು. ನಮ್ಮ ಹೆಂಗಸರನ್ನು ಕೂರಿಸಿಕೊಂಡು ಕೇಳುವ ಕೆಲಸ ಮೊದಲಿನಿಂದ ಆಗಬೇಕು.

ನಾನು ಇಂಥ ಕಾರ್ಯಕ್ರಮ ಶುರು ಮಾಡಬೇಕು. ಎಲ್ಲಿಂದ ಹಿಡಿಯಲಿ?

ಆ್ಯಪ್ ಮಾಡುವವರನ್ನು ಹುಡುಕುವ ಮುಂಚೆ ಹತ್ತು ಹೆಂಗಸರ ಹತ್ತಿರ ಅವರ ನಿನ್ನೆಯ ದಿನವನ್ನು ಗಂಟೆಗಂಟೆಗೆ ಹೇಳಿಸಿ, ಬರೆದುಕೊಳ್ಳಿ. ಎಲ್ಲಿ ಹತ್ತು ನಿಮಿಷ ಸಿಗುತ್ತದೆ, ಆಗ ಮೊಬೈಲು ಎಲ್ಲಿರುತ್ತದೆ, ಜೊತೆಗೆ ಯಾರಿರುತ್ತಾರೆ ಅಂತ ಗುರುತು ಹಾಕಿ. ಮೆಸೇಜುಗಳನ್ನು ಅವರಲ್ಲೇ ಇಬ್ಬರಿಂದ ಬರೆಸಿ, ಅದಕ್ಕೆ ಹಣ ಕೊಡಿ. ಅಗ್ಗದ ಫೋನಿನಲ್ಲಿ, ನೆಟ್‌ವರ್ಕ್ ಸಿಗದ ಜಾಗದಲ್ಲಿ ಓಡಿಸಿ ನೋಡಿ. ಶುರುವಿನಲ್ಲಿ ಹೆಜ್ಜೆಯ ಲೆಕ್ಕ ತೆಗೆದಿಡಿ, 6 ತಿಂಗಳಿಗೆ ಮತ್ತೆ ತೆಗೆಯಿರಿ. ಹಣ ಮುಗಿದ ಮೇಲೆ ಗುಂಪನ್ನು ಯಾರು ನಡೆಸುತ್ತಾರೆ ಅನ್ನೋದನ್ನು ಮೊದಲ ತಿಂಗಳಲ್ಲೇ ಅವರ ಜೊತೆ ಕೂತು ಗೊತ್ತು ಮಾಡಿಕೊಳ್ಳಿ.